ಕಾಲೇಜು ಫುಟ್‌ಬಾಲ್ ತಾರೆಯ ವಿವಾದವನ್ನು ಓದುವುದು ಹೇಗೆ?

2013ರ ಆಗಸ್ಟ್ 31ರಂದು ಟೆಕ್ಸಾಸ್ ರಾಜ್ಯದ ಕಾಲೇಜ್ ಸ್ಟೇಷನ್ ಎಂಬ ಊರಿನ ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮತ್ತು ರೈಸ್ ವಿಶ್ವವಿದ್ಯಾಲಯಗಳ ತಂಡಗಳು ಎದುರಾದವು. ಎ ಅಂಡ್ ಎಂ ತಂಡದ ತಾರೆ, ಇಪ್ಪತ್ತು ವರ್ಷದ ಜಾನಿ ಮ್ಯಾನ್‌ಜೆಲ್ ಪಂದ್ಯದ ಮೊದಲರ್ಧವನ್ನು ಅಂಗಳದ ಅಂಚಿನಲ್ಲಿಯೇ ಕಳೆದ. ಎರಡನೆಯ ಅರ್ಧದಲ್ಲಿ ಆಟಕ್ಕಿಳಿದವನೇ ಎಂಟು ಪಾಸ್‌ಗಳಲ್ಲಿ ಆರನ್ನು ಗುರಿ ಮುಟ್ಟಿಸಿ ಮೂರು ಟಚ್‌ಡೌನ್‌ಗಳಿಗೆ (ಚೆಂಡನ್ನು ಎದುರಾಳಿಯ ಕಡೆಯ ಕೊನೆಯ ಪಟ್ಟಿಗೆ ಮುಟ್ಟಿಸಿ ಗಳಿಸುವ ಅಂಕಗಳಿಗೆ) ಕಾರಣನಾದ. ಎದುರಾಳಿ ತಂಡದವನೊಬ್ಬ ಕೆಣಕಿದಾಗ ಗಾಳಿಯಲ್ಲಿ ಸಹಿ ಹಾಕುವಂತೆ ಕೈಯಾಡಿಸಿದ, ಹಣ ಎಣಿಸುವಂತೆ ಬೆರಳುಗಳನ್ನು ಉಜ್ಜಿದ, ಕೊನೆಗೆ ಅಂಕಫಲಕದತ್ತ ಬೆರಳು ತೋರಿಸಿದ. ಅಂಪೈರ್‌ಗಳು ಹದಿನೈದು ಗಜಗಳ ದಂಡ ವಿಧಿಸಿದರು, ಕೋಚ್ ಕೆವಿನ್ ಸಮ್ಲಿನ್ ಅವನನ್ನು ಹೊರಗೆ ಕರೆಸಿಕೊಂಡು ಮತ್ತೆ ಆಟಕ್ಕೆ ಬಿಡಲಿಲ್ಲ, ತಂಡ 52–31ರಿಂದ ಗೆದ್ದಿತು. ಮರುದಿನದಿಂದ ವಾರವಿಡೀ ಅಮೆರಿಕದ ಕ್ರೀಡಾ ವಾಹಿನಿಗಳಲ್ಲಿ ಗೆಲುವಿನ ಮಾತಿಗಿಂತ ಆ ಬೆರಳುಗಳ ಮಾತೇ ಹೆಚ್ಚಾಗಿತ್ತು.

ಇಂತಹ ಸುದ್ದಿ ಈಗ ಕನ್ನಡ ಓದುಗರನ್ನೂ ತಲುಪುತ್ತದೆ. ಓದಲೆಂದೋ ಕೆಲಸಕ್ಕೆಂದೋ ಆ ದೇಶಕ್ಕೆ ಹೋದವರು ಶನಿವಾರದ ಪಂದ್ಯದ ಗದ್ದಲದ ನಡುವೆ ಇದ್ದರೆ, ಇಲ್ಲಿರುವವರಿಗೆ ತುಣುಕು ವೀಡಿಯೊಗಳ ರೂಪದಲ್ಲಿ ಅದು ಕೈಗೆ ಸಿಗುತ್ತದೆ. ಆದರೆ ಹಿನ್ನೆಲೆ ತಿಳಿಯದೆ ಓದಿದರೆ ಒಬ್ಬ ಪುಂಡ ಹುಡುಗನ ಕಥೆಯಂತೆಯೋ ಅನ್ಯಾಯಕ್ಕೆ ಗುರಿಯಾದ ವೀರನ ಕಥೆಯಂತೆಯೋ ಕಂಡು, ಎರಡೂ ಬಾರಿ ನಾವು ಮೋಸ ಹೋಗುತ್ತೇವೆ. ಹುಡುಗ ಏನು ಮಾಡಿದ ಎಂದು ಕೇಳುವ ಮೊದಲು ಯಾವ ನಿಯಮವನ್ನು ಮುರಿದನೆಂದು ಹೇಳುತ್ತಿದ್ದಾರೆ, ಆ ನಿಯಮವನ್ನು ಮಾಡಿದವರು ಯಾರು ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಮ್ಯಾನ್‌ಜೆಲ್ ಪ್ರಕರಣವನ್ನೇ ಮುಖ್ಯವಾಗಿ ಮುಂದಿಟ್ಟುಕೊಂಡು ಆ ಓದಿನ ಕ್ರಮವನ್ನು ವಿವರಿಸುತ್ತೇನೆ.

ಮೊದಲು ಅಂಗಳದ ಗಾತ್ರವನ್ನು ಅರಿಯಿರಿ

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹೊತ್ತು ಓಡುವ, ಎಸೆಯುವ, ಅಡ್ಡಗಟ್ಟಿ ಕೆಡವುವ ಅಮೆರಿಕನ್ ಆಟ. ಚೆಂಡನ್ನು ಕೈಗೆ ಪಡೆದು ಎಸೆಯಬೇಕೋ ಓಡಬೇಕೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವ ಕ್ವಾರ್ಟರ್‌ಬ್ಯಾಕ್ ಅದರ ಕೇಂದ್ರ, ಮ್ಯಾನ್‌ಜೆಲ್ ಆಡುತ್ತಿದ್ದ ಸ್ಥಾನವೂ ಅದೇ. ನಮ್ಮ ವಿಶ್ವವಿದ್ಯಾಲಯಗಳ ಅಂತರಕಾಲೇಜು ಪಂದ್ಯಗಳಿಗೆ ಆಟಗಾರರ ಗೆಳೆಯರು ನಾಲ್ಕು ಜನ ಬಂದರೆ ಹೆಚ್ಚು. ಕೈಲ್ ಫೀಲ್ಡ್‌ನಲ್ಲಿ, ಅದನ್ನು ವಿಸ್ತರಿಸಿದ ಮೇಲೆ, ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. 2012ರ ಹೊತ್ತಿಗೆ ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ನಿಕ್ ಸೇಬನ್ ಅವರ ವಾರ್ಷಿಕ ಸಂಭಾವನೆ 50 ಲಕ್ಷ ಡಾಲರ್ ದಾಟಿತ್ತು. ಟಿಕೆಟ್, ಟಿವಿ ಪ್ರಸಾರದ ಹಕ್ಕು, ಹಳೆಯ ವಿದ್ಯಾರ್ಥಿಗಳ ದೇಣಿಗೆ, ಬಟ್ಟೆಬರೆಯ ಮಾರಾಟ ಎಲ್ಲವೂ ಸೇರಿ ಇದು ದೊಡ್ಡ ಉದ್ಯಮವಾಗಿರುವಾಗಲೂ, ಆಡುವ ಹುಡುಗರು ಮಾತ್ರ ಹವ್ಯಾಸಿಗಳು, ಅವರಿಗೆ ವಿದ್ಯಾರ್ಥಿವೇತನ, ವಸತಿ, ಊಟಗಳನ್ನು ಬಿಟ್ಟು ಬೇರೇನೂ ಸಲ್ಲಬಾರದು ಎಂಬುದು ಕಾಲೇಜು ಕ್ರೀಡೆಗಳ ಮೇಲ್ವಿಚಾರಣಾ ಸಂಸ್ಥೆಯಾದ ಎನ್‌ಸಿಎಎಯ ನಿಲುವಾಗಿತ್ತು. ನಾವು ಓದುವ ಹಳೆಯ ವಿವಾದಗಳಲ್ಲಿ ಬಹುಪಾಲು ಹುಟ್ಟಿದ್ದು ಈ ನಿಲುವು ಮತ್ತು ಆ ಉದ್ಯಮದ ನಡುವಿನ ಬಿರುಕಿನಲ್ಲಿ.

ಕೀರ್ತಿ ಹೇಗೆ ಬಂತು ಎಂಬುದನ್ನು ಆಟದಲ್ಲಿಯೇ ನೋಡಿ

ವಿವಾದದ ಸುದ್ದಿ ಓದುವವರು ಆಟವನ್ನು ನೋಡುವುದೇ ಇಲ್ಲ, ಇದು ತಪ್ಪು. 2012ರ ನವೆಂಬರ್ 10ರಂದು ದೇಶದಲ್ಲಿ ಮೊದಲ ಸ್ಥಾನದಲ್ಲಿದ್ದ ಅಲಬಾಮಾವನ್ನು ಅದರ ತವರಾದ ಟಸ್ಕಲೂಸಾದಲ್ಲಿಯೇ ಎ ಅಂಡ್ ಎಂ 29–24ರಿಂದ ಸೋಲಿಸಿದ ಪಂದ್ಯದ ತುಣುಕುಗಳನ್ನು ಹುಡುಕಿ ನೋಡಿ. ಅದರಲ್ಲೊಂದು ಆಟ ಹೀಗಿದೆ: ಚೆಂಡು ಹಿಡಿದ ಮ್ಯಾನ್‌ಜೆಲ್ ಮುಂದಕ್ಕೆ ನುಗ್ಗುವಾಗ ತನ್ನದೇ ತಂಡದವನಿಗೆ ಡಿಕ್ಕಿ ಹೊಡೆಯುತ್ತಾನೆ, ಚೆಂಡು ಕೈತಪ್ಪಿ ಮೇಲಕ್ಕೆ ಚಿಮ್ಮುತ್ತದೆ, ಬೆನ್ನು ತಿರುಗುತ್ತಲೇ ಅದನ್ನು ಮತ್ತೆ ಹಿಡಿದು, ಎಡಕ್ಕೆ ಓಡಿ, ಅಂಕ ಸಿಗುವ ಕೊನೆಯ ಪಟ್ಟಿಯೊಳಗೆ ಒಂಟಿಯಾಗಿ ನಿಂತಿದ್ದ ರಯಾನ್ ಸ್ವೋಪ್‌ಗೆ ಎಸೆಯುತ್ತಾನೆ. ಕೈತಪ್ಪಿದ್ದು ಎಡವಟ್ಟು, ಆಮೇಲೆ ನಡೆದದ್ದು ಪ್ರತಿಭೆ, ಇವೆರಡರ ನಡುವೆ ಒಂದು ಸೆಕೆಂಡ್ ಕೂಡ ಇಲ್ಲ. ಜನ ಹುಚ್ಚಾದದ್ದು ಇದಕ್ಕೆ.

ಆ ವರ್ಷ ಎ ಅಂಡ್ ಎಂ ಬಲಾಢ್ಯ ತಂಡಗಳ ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ಗೆ ಹೊಸದಾಗಿ ಸೇರಿತ್ತು, ಅಲ್ಲಿ ಅದು ಒದೆ ತಿನ್ನುತ್ತದೆಂದು ಹಲವರು ಎಣಿಸಿದ್ದರು. ಕೆರ್‌ವಿಲ್ ಎಂಬ ಸಣ್ಣ ಊರಿನ ಹೈಸ್ಕೂಲಿನಿಂದ ಬಂದ ಮ್ಯಾನ್‌ಜೆಲ್ ಹಿಂದಿನ ವರ್ಷ ತಂಡದಲ್ಲಿದ್ದೂ ಪಂದ್ಯ ಆಡದೆ ಅರ್ಹತೆಯ ಒಂದು ವರ್ಷವನ್ನು ಉಳಿಸಿಕೊಂಡಿದ್ದರಿಂದ ಲೆಕ್ಕಕ್ಕೆ ಮೊದಲ ವರ್ಷದ ಆಟಗಾರನೇ ಆಗಿದ್ದ. ಡಿಸೆಂಬರ್ 8ರಂದು ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಟ್ರೋಫಿ ಅವನಿಗೆ ದೊರೆಯಿತು. ಮೊದಲ ವರ್ಷದವನೊಬ್ಬನಿಗೆ ಅದು ದೊರೆತದ್ದು ಅದೇ ಪ್ರಥಮ. ತಿಂಗಳೊಳಗೆ, ಋತುವಿನ ಕೊನೆಗೆ ಆಯ್ದ ತಂಡಗಳು ಆಡುವ 'ಬೌಲ್' ಪಂದ್ಯಗಳಲ್ಲೊಂದಾದ ಕಾಟನ್ ಬೌಲ್‌ನಲ್ಲಿ ಓಕ್ಲಹೋಮಾ ವಿರುದ್ಧ ಓಟದಿಂದ 229, ಎಸೆತದಿಂದ 287, ಒಟ್ಟು 516 ಗಜಗಳನ್ನು ಗಳಿಸಿ ಕಾಟನ್ ಬೌಲ್‌ನ ಹಿಂದಿನ ದಾಖಲೆ ಮುರಿದ. ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಮೊದಲ ವರ್ಷದವರು ಪತ್ರಕರ್ತರ ಜೊತೆ ಮಾತನಾಡಕೂಡದೆಂಬ ಕೋಚ್ ಸಮ್ಲಿನ್ ಅವರ ಕಟ್ಟಳೆಯಿಂದಾಗಿ ಆ ವರ್ಷದ ನವೆಂಬರ್ ಕೊನೆಯವರೆಗೆ ಮ್ಯಾನ್‌ಜೆಲ್ ಒಂದು ಸಂದರ್ಶನವನ್ನೂ ಕೊಟ್ಟಿರಲಿಲ್ಲ. ದೇಶವೆಲ್ಲ ಅವನನ್ನು 'ಜಾನಿ ಫುಟ್‌ಬಾಲ್' ಎಂದು ಕರೆಯುತ್ತಿತ್ತು, ಆದರೆ ಅವನ ದನಿಯನ್ನು ಕೇಳಿದವರು ವಿರಳ. ಹೀಗೆ ಮಾತಿಲ್ಲದ ಜಾಗದಲ್ಲಿ ಅಭಿಮಾನಿಗಳೂ ಟೀಕಾಕಾರರೂ ತಮಗೆ ಬೇಕಾದ ಜಾನಿಯನ್ನು ಕೂರಿಸಿಕೊಂಡರು.

ಆರೋಪಗಳನ್ನು ಬೇರೆ ಬೇರೆ ಗುಡ್ಡೆ ಹಾಕಿ

ಇದು ಇಡೀ ಕ್ರಮದಲ್ಲಿ ಅತಿ ಮುಖ್ಯವಾದ ಹೆಜ್ಜೆ. ಒಂದು ಹಾಳೆ ತೆಗೆದುಕೊಂಡು, ಆಟಗಾರನ ಮೇಲೆ ಬಂದಿರುವ ಪ್ರತಿಯೊಂದು ದೂರನ್ನೂ ಬರೆದು, ಅದರ ಮುಂದೆ ಅದು ದೇಶದ ಕಾನೂನಿಗೆ ಸಂಬಂಧಿಸಿದ್ದೋ, ಕ್ರೀಡಾ ಸಂಸ್ಥೆಯ ನಿಯಮಕ್ಕೆ ಸಂಬಂಧಿಸಿದ್ದೋ, ಬರೀ ನಡತೆಯ ಮಾತೋ ಅಥವಾ ಗಾಳಿಸುದ್ದಿಯೋ ಎಂದು ಗುರುತು ಹಾಕಿ. ನಾನು ಮ್ಯಾನ್‌ಜೆಲ್‌ನ ಕಾಲೇಜು ದಿನಗಳಿಗೆ ಇಂತಹ ಹಾಳೆ ಮಾಡಿದಾಗ ಕಾನೂನಿನ ಕೆಳಗೆ ಬಂದದ್ದು ಒಂದೇ ಒಂದು ಸಾಲು: 2012ರ ಜೂನ್‌ನಲ್ಲಿ ಕಾಲೇಜ್ ಸ್ಟೇಷನ್‌ನಲ್ಲಿ ನಡೆದ ಒಂದು ಹೊಡೆದಾಟದ ಸಂಬಂಧ ಅವನ ಬಂಧನವಾಯಿತು, ನಕಲಿ ಗುರುತಿನ ಚೀಟಿಯ ಆರೋಪವೂ ಅದರಲ್ಲಿತ್ತು, ಒಂದು ವರ್ಷದ ನಂತರ ಪೊಲೀಸರಿಗೆ ಸರಿಯಾದ ಗುರುತು ಹೇಳಲಿಲ್ಲವೆಂಬ ಸಣ್ಣ ಅಪರಾಧವನ್ನು ಒಪ್ಪಿಕೊಂಡು ಉಳಿದ ಆರೋಪಗಳಿಂದ ಬಿಡುಗಡೆ ಹೊಂದಿದ. ನಡತೆಯ ಕೆಳಗೆ ಬಂದವು ಹಲವು. 2013ರ ಜುಲೈನಲ್ಲಿ ಮ್ಯಾನಿಂಗ್ ಕುಟುಂಬ ನಡೆಸುವ ಹೆಸರಾಂತ ತರಬೇತಿ ಶಿಬಿರದಿಂದ ಅವಧಿಗೆ ಮೊದಲೇ ಹೊರಟದ್ದು, ರೈಸ್ ಪಂದ್ಯದ ಆ ಬೆರಳುಗಳು, ಇತ್ಯಾದಿ. ನಿಯಮದ ಕೆಳಗೆ ಹಣಕ್ಕೆ ಆಟೋಗ್ರಾಫ್ ಕೊಟ್ಟನೆಂಬ ವಿಷಯ ಬಂತು. ಸುದ್ದಿಯಲ್ಲಿ ಮಾತ್ರ ಈ ಮೂರೂ ಒಂದೇ ಪಾತ್ರೆಯಲ್ಲಿ ಬೆಂದು ಒಂದೇ ರುಚಿಗೆ ಬಂದಿದ್ದವು.

ಗುಡ್ಡೆ ಹಾಕದಿದ್ದರೆ ಆಗುವ ಅನಾಹುತಕ್ಕೆ ಮರುವರ್ಷದ ಹೈಸ್‌ಮನ್ ವಿಜೇತ, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಜೇಮಿಸ್ ವಿನ್‌ಸ್ಟನ್ ಸುತ್ತಲಿನ ಸುದ್ದಿಗಳು ಉದಾಹರಣೆ. ಅವನ ಮೇಲೆ ವಿದ್ಯಾರ್ಥಿನಿಯೊಬ್ಬಳು ಅತ್ಯಾಚಾರದ ದೂರು ನೀಡಿದ್ದಳು. ಅವನು ಅದನ್ನು ನಿರಾಕರಿಸಿದ, 2013ರ ಡಿಸೆಂಬರ್‌ನಲ್ಲಿ ಸರ್ಕಾರಿ ವಕೀಲರು ಆರೋಪ ಹೊರಿಸುವುದಿಲ್ಲವೆಂದು ಪ್ರಕಟಿಸಿದರು. ಪೊಲೀಸರು ತನಿಖೆ ನಡೆಸಿದ ರೀತಿಯ ಬಗ್ಗೆ ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಗಂಭೀರ ಪ್ರಶ್ನೆಗಳನ್ನು ಎತ್ತಿತು. 2016ರಲ್ಲಿ ವಿಶ್ವವಿದ್ಯಾಲಯವು ದೂರುದಾರಳ ಸಿವಿಲ್ ದಾವೆಯನ್ನು 9,50,000 ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಇದೇ ಆಟಗಾರ 2014ರ ಏಪ್ರಿಲ್‌ನಲ್ಲಿ ಅಂಗಡಿಯೊಂದರಿಂದ ಏಡಿಕಾಲುಗಳನ್ನು ಹಣ ಕೊಡದೆ ತಂದ, ಸೆಪ್ಟೆಂಬರ್‌ನಲ್ಲಿ ಕ್ಯಾಂಪಸ್ಸಿನಲ್ಲಿ ಅಶ್ಲೀಲ ಮಾತೊಂದನ್ನು ಕೂಗಿ ಒಂದು ಪಂದ್ಯದಿಂದ ಅಮಾನತಾದ. ಟಿವಿಯಲ್ಲಿ ಏಡಿಕಾಲಿನ ಹಾಸ್ಯ ವರ್ಷಗಟ್ಟಲೆ ನಡೆಯಿತು. ಒಂದು ಹೆಣ್ಣಿನ ಗಂಭೀರ ದೂರು, ಅಂಗಡಿಯ ಕಳ್ಳತನ, ಬಾಯಿಹರಕುತನ, ಇವನ್ನು ಒಂದೇ ಪಟ್ಟಿಯಲ್ಲಿ 'ವಿನ್‌ಸ್ಟನ್ ವಿವಾದಗಳು' ಎಂದು ಸಾಲಾಗಿ ಕೊಡುವ ಬರಹವನ್ನು ಕಂಡರೆ ಅಲ್ಲಿಗೇ ಮುಚ್ಚಿಡಿ.

ನಿಯಮವನ್ನೂ ಇಸವಿಯನ್ನೂ ಒಟ್ಟಿಗೆ ಬರೆಯಿರಿ

2013ರ ಆಗಸ್ಟ್ ಮೊದಲಲ್ಲಿ ಇಎಸ್‌ಪಿಎನ್ ವಾಹಿನಿ, ಮ್ಯಾನ್‌ಜೆಲ್ ಹಣ ಪಡೆದು ಸಾಲು ಸಾಲಾಗಿ ವಸ್ತುಗಳ ಮೇಲೆ ಸಹಿ ಹಾಕಿಕೊಟ್ಟನೆಂಬ ದೂರನ್ನು ಎನ್‌ಸಿಎಎ ವಿಚಾರಿಸುತ್ತಿದೆ ಎಂದು ವರದಿ ಮಾಡಿತು. ತನ್ನ ಹೆಸರನ್ನು ತಾನೇ ಬರೆದುಕೊಡುವುದು ಅಪರಾಧವಾದದ್ದು ಹೇಗೆ ಎಂದು ನಮಗೆ ವಿಚಿತ್ರವಾಗಿ ಕಾಣಬಹುದು. ಅಂದಿನ ನಿಯಮದ ಪ್ರಕಾರ ಆಟಗಾರನು ತನ್ನ ಹೆಸರು, ಚಿತ್ರ, ಕೀರ್ತಿಗಳಿಂದ ಹಣ ಗಳಿಸುವಂತಿರಲಿಲ್ಲ, ಬೇರೆಯವರ ವ್ಯಾಪಾರಕ್ಕೆ ಅವನ್ನು ಬಳಸಲು ಬಿಡುವಂತೆಯೂ ಇರಲಿಲ್ಲ. 2010ರಲ್ಲಿ ಜಾರ್ಜಿಯಾದ ಎ.ಜೆ. ಗ್ರೀನ್ ತನ್ನ ಜೆರ್ಸಿಯೊಂದನ್ನು 1,000 ಡಾಲರ್‌ಗೆ ಮಾರಿ ನಾಲ್ಕು ಪಂದ್ಯಗಳನ್ನು ಕಳೆದುಕೊಂಡಿದ್ದ. 2014ರಲ್ಲಿ ಅದೇ ವಿಶ್ವವಿದ್ಯಾಲಯದ ಟಾಡ್ ಗರ್ಲಿ ಆಟೋಗ್ರಾಫ್ ಮೊದಲಾದವುಗಳಿಂದ 3,000 ಡಾಲರ್‌ಗೂ ಹೆಚ್ಚು ಪಡೆದದ್ದಕ್ಕೆ ನಾಲ್ಕು ಪಂದ್ಯ ಹೊರಗುಳಿದ.

2021ರ ಜೂನ್‌ನಲ್ಲಿ, ಆಟಗಾರರಿಗೆ ಸಲ್ಲುವ ಸವಲತ್ತುಗಳ ಮೇಲಿನ ಮಿತಿಯನ್ನು ಪ್ರಶ್ನಿಸಿದ ಆಲ್‌ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎಗೆ ವಿರುದ್ಧವಾಗಿ ತೀರ್ಪಿತ್ತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಮೂಲಕ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ಆದಾಯದ ಪಾಲನ್ನು ನೇರವಾಗಿ ಕೊಡಬಹುದಾಗಿದ್ದು, ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್ ಮಿತಿ ಇಡಲಾಯಿತು. ಎಂದರೆ, ಹತ್ತು ವರ್ಷದ ಹಿಂದೆ ಅಮಾನತಿಗೆ ಕಾರಣವಾದ ಸಹಿಯೇ ಇಂದು ಕರಾರುಪತ್ರದ ಒಂದು ಸಾಲು. ಹಾಗೆಂದು ಅಂದು ನಿಯಮ ಮುರಿದದ್ದು ಸುಳ್ಳಾಗುವುದಿಲ್ಲ. ಗೊತ್ತಿದ್ದೇ ಒಪ್ಪಿ ಆಡಿದ ನಿಯಮವದು. ಆದ್ದರಿಂದಲೇ ಹಾಳೆಯಲ್ಲಿ ಇಸವಿಯನ್ನು ಬರೆಯದೆ ನಿಯಮದ ಬಗ್ಗೆ ಮಾತನಾಡಬಾರದು.

ತೀರ್ಪಿನ ಮಾತುಗಳನ್ನು ಅಕ್ಷರಶಃ ಓದಿ

2013ರ ಆಗಸ್ಟ್ 28ರಂದು ಎನ್‌ಸಿಎಎ ಮತ್ತು ವಿಶ್ವವಿದ್ಯಾಲಯ ಕೂಡಿ ಹೊರಡಿಸಿದ ಹೇಳಿಕೆಯಲ್ಲಿ ಇದ್ದ ತಿರುಳು ಇಷ್ಟು: ಸಹಿಗಳಿಗೆ ಮ್ಯಾನ್‌ಜೆಲ್ ಹಣ ಪಡೆದನೆಂಬುದಕ್ಕೆ ಪುರಾವೆ ಇಲ್ಲ, ಆದರೆ ಉದ್ದೇಶವಿಲ್ಲದೆ ನಿಯಮವೊಂದು ಮೀರಿದೆ, ಆದ್ದರಿಂದ ರೈಸ್ ವಿರುದ್ಧದ ಪಂದ್ಯದ ಮೊದಲರ್ಧಕ್ಕೆ ಅವನು ಆಡಬಾರದು. ಒಂದು ಪಂದ್ಯವಲ್ಲ, ಅರ್ಧ ಪಂದ್ಯ! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. 'ಪುರಾವೆ ಇಲ್ಲ' ಎಂಬುದನ್ನು ಅಭಿಮಾನಿಗಳು 'ತಪ್ಪು ಮಾಡಿಲ್ಲ' ಎಂದು ಓದಿದರು, ವಿರೋಧಿಗಳು 'ಮುಚ್ಚಿಹಾಕಿದರು' ಎಂದು ಓದಿದರು. ಆ ಮಾತಿಗೆ ಇವೆರಡೂ ಅರ್ಥವಲ್ಲ. ಹಣ ಕೊಟ್ಟವರೆನ್ನಲಾದವರನ್ನು ಕರೆಸಿ ಪ್ರಮಾಣ ಮಾಡಿಸಿ ಕೇಳುವ ಅಧಿಕಾರ ಎನ್‌ಸಿಎಎಗೆ ಇಲ್ಲ. ಅದು ನ್ಯಾಯಾಲಯವಲ್ಲ, ಸದಸ್ಯ ಕಾಲೇಜುಗಳ ಕೂಟ. ಹೊರಗಿನವರು ಬಾಯಿ ಬಿಡದಿದ್ದರೆ ಪುರಾವೆ ಸಿಗುವುದಿಲ್ಲ. ವರ್ಷಗಳ ನಂತರ ಮ್ಯಾನ್‌ಜೆಲ್ ತಾನೇ ಹಣ ಪಡೆದಿದ್ದೆನೆಂದು ಬಹಿರಂಗವಾಗಿ ಹೇಳಿದ. ಹಾಗಾಗಿ 2013ರಲ್ಲಿ ಹಾಳೆಯ ಮೇಲೆ ಬರೆಯಬೇಕಾಗಿದ್ದ ಸರಿಯಾದ ಮಾತು 'ಸಾಬೀತಾಗಿಲ್ಲ' ಎಂಬುದೊಂದೇ, ಅದರ ಮುಂದೆ ಸ್ವಲ್ಪ ಜಾಗವನ್ನು ಖಾಲಿ ಬಿಡಬೇಕಾಗಿತ್ತು.

ಶಿಕ್ಷೆಯ ಪ್ರಮಾಣದ ಜೊತೆಗೆ ಅದರ ಸಮಯವನ್ನೂ ನೋಡಬೇಕು. 2010ರ ಡಿಸೆಂಬರ್‌ನಲ್ಲಿ ಒಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಟೆರೆಲ್ ಪ್ರಯರ್ ಸೇರಿ ಐವರು ಆಟಗಾರರು ಉಂಗುರ, ಜೆರ್ಸಿ ಮೊದಲಾದುವನ್ನು ಮಾರಿ ಹಣವನ್ನೂ ಹಚ್ಚೆಯ ರಿಯಾಯಿತಿಯನ್ನೂ ಪಡೆದರೆಂದು ಐದು ಪಂದ್ಯಗಳ ಅಮಾನತು ವಿಧಿಸಲಾಯಿತು. ಆದರೆ ಅಮಾನತು ಆರಂಭವಾದದ್ದು ಮುಂದಿನ ಋತುವಿನಿಂದ! ಎದುರಿಗಿದ್ದ, ಹಣದ ಹೊಳೆ ಹರಿಯುವ ಶುಗರ್ ಬೌಲ್ ಪಂದ್ಯದಲ್ಲಿ ಐವರೂ ಆಡಿದರು. ವಿಷಯ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟ ಕೋಚ್ ಜಿಮ್ ಟ್ರೆಸೆಲ್ 2011ರ ಮೇ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು, ಶುಗರ್ ಬೌಲ್‌ನಲ್ಲಿ ತಂಡ ಪಡೆದ ಗೆಲುವನ್ನೂ ಆಮೇಲೆ ದಾಖಲೆಯಿಂದ ತೆಗೆಯಲಾಯಿತು.

ಹಣ ಯಾರ ಕಿಸೆಗೆ ಹೋಯಿತೆಂದು ಹುಡುಕಿ

ಆಟೋಗ್ರಾಫ್ ಗದ್ದಲದ ನಡುವೆಯೇ, 2013ರ ಆಗಸ್ಟ್ 6ರಂದು, ಹಿಂದೆ ಡ್ಯೂಕ್ ತಂಡದ ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿದ್ದ ವಕೀಲ ಮತ್ತು ಟಿವಿ ವಿಶ್ಲೇಷಕ ಜೇ ಬೈಲಸ್ ಒಂದು ಸಣ್ಣ ಕೆಲಸ ಮಾಡಿದರು. ಎನ್‌ಸಿಎಎಯ ಸ್ವಂತ ಆನ್‌ಲೈನ್ ಮಳಿಗೆಯ ಹುಡುಕು ಪಟ್ಟಿಯಲ್ಲಿ 'ಮ್ಯಾನ್‌ಜೆಲ್' ಎಂದು ಟೈಪ್ ಮಾಡಿದರು. ಮ್ಯಾನ್‌ಜೆಲ್ ತೊಡುತ್ತಿದ್ದ, ಎ ಅಂಡ್ ಎಂನ ಎರಡನೆಯ ಸಂಖ್ಯೆಯ ಜೆರ್ಸಿಗಳು ತೆರೆದುಕೊಂಡವು. ಜೆರ್ಸಿಯ ಬೆನ್ನ ಮೇಲೆ ಹೆಸರಿರಲಿಲ್ಲ. ಆಟಗಾರನ ಹೆಸರನ್ನು ಬಳಸಿ ಮಾರಾಟ ಮಾಡುತ್ತಿಲ್ಲವೆಂದು ಹೇಳಲು ಅಷ್ಟು ಸಾಕಾಗಿತ್ತು. ಹುಡುಕು ಪಟ್ಟಿಗೆ ಮಾತ್ರ ಎರಡು ಎಂದರೆ ಯಾರೆಂದು ಚೆನ್ನಾಗಿ ಗೊತ್ತಿತ್ತು. ಬೈಲಸ್ ಒಂದೊಂದೇ ಹೆಸರು ಹಾಕಿ ಚಿತ್ರಗಳನ್ನು ಟ್ವಿಟರ್‌ನಲ್ಲಿ ಪ್ರಕಟಿಸಿದರು. ಎರಡೇ ದಿನದಲ್ಲಿ ಎನ್‌ಸಿಎಎ ಅಧ್ಯಕ್ಷ ಮಾರ್ಕ್ ಎಮರ್ಟ್ ಇಂತಹ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿದರು. ನಿಯಮವನ್ನು ಕಾಯುವವರ ಅಂಗಡಿಯಲ್ಲಿಯೇ ಸರಕು ಸಿಕ್ಕಿಬಿದ್ದಿತ್ತು.

ಇದೇ ಹೆಜ್ಜೆಯಲ್ಲಿ ಇನ್ನೆರಡು ಸಾಲು ಬರೆದುಕೊಳ್ಳಬಹುದು. ಹೈಸ್‌ಮನ್ ಗೆಲುವಿನಿಂದ ಎ ಅಂಡ್ ಎಂಗೆ ಸಿಕ್ಕ ಪ್ರಚಾರದ ಬೆಲೆ 3.7 ಕೋಟಿ ಡಾಲರ್ ಎಂದು ಆ ವಿಶ್ವವಿದ್ಯಾಲಯ ಮಾಡಿಸಿದ ಲೆಕ್ಕವೊಂದು ಹೇಳಿತು; ಇಂತಹ ಲೆಕ್ಕಗಳನ್ನು ಒಂದು ಚಿಟಿಕೆ ಅನುಮಾನದೊಡನೆ ಓದುವುದು ಒಳ್ಳೆಯದು, ಆದರೂ ಲಾಭ ಯಾರದೆಂಬುದರಲ್ಲಿ ಅನುಮಾನವಿಲ್ಲ. ಇನ್ನು, 2013ರ ಫೆಬ್ರವರಿಯಲ್ಲಿ ಮ್ಯಾನ್‌ಜೆಲ್‌ನ ಕುಟುಂಬದ ಕಂಪನಿ, 'ಜಾನಿ ಫುಟ್‌ಬಾಲ್' ಎಂಬ ಅಡ್ಡಹೆಸರನ್ನು ಟಿ ಶರ್ಟ್ ಮೇಲೆ ಅಚ್ಚು ಹಾಕಿ ಮಾರುತ್ತಿದ್ದವರ ಮೇಲೆ ದಾವೆ ಹೂಡಿತು. ಗೆದ್ದರೆ ಬರುವ ಪರಿಹಾರದ ಹಣವನ್ನು ಇಟ್ಟುಕೊಳ್ಳಬಹುದೆಂದು ಎನ್‌ಸಿಎಎ ಹೇಳಿತು. ತನ್ನ ಹೆಸರನ್ನು ತಾನು ಮಾರಿದರೆ ತಪ್ಪು, ಇನ್ನೊಬ್ಬ ಕದ್ದು ಮಾರಿದರೆ ಅವನಿಂದ ವಸೂಲಿ ಮಾಡಿಕೊಳ್ಳಬಹುದು!

ಒಳ್ಳೆಯ ಸುದ್ದಿಯನ್ನೂ ಪರೀಕ್ಷಿಸಿ

ಎಚ್ಚರವನ್ನು ಕೆಟ್ಟ ಸುದ್ದಿಗೆ ಮಾತ್ರ ಮೀಸಲಿಡಬಾರದು. 2012ರ ಹೈಸ್‌ಮನ್ ಮತದಾನದಲ್ಲಿ ಮ್ಯಾನ್‌ಜೆಲ್‌ನ ನಂತರ ಎರಡನೆಯವನಾಗಿ ಬಂದ ನೋಟರ್ ಡೇಮ್‌ನ ಮ್ಯಾಂಟೈ ಟಿಯೊನ ಸುತ್ತ ಆ ವರ್ಷ ಒಂದು ಕಣ್ಣೀರಿನ ಕಥೆ ಬೆಳೆದಿತ್ತು: ಅಜ್ಜಿ ಮತ್ತು ಪ್ರೇಯಸಿ ಇಬ್ಬರೂ ಒಂದೇ ದಿನ ತೀರಿಕೊಂಡರು, ಆದರೂ ಅವನು ಎದೆಗುಂದದೆ ಆಡಿದ. ದೊಡ್ಡ ದೊಡ್ಡ ಪತ್ರಿಕೆಗಳು ಇದನ್ನು ಬರೆದವು. 2013ರ ಜನವರಿ 16ರಂದು ಡೆಡ್‌ಸ್ಪಿನ್ ಎಂಬ ಜಾಲತಾಣ, ಅಜ್ಜಿಯ ಸಾವು ನಿಜ, ಆ ಪ್ರೇಯಸಿ ಮಾತ್ರ ಹುಟ್ಟಿಯೇ ಇರಲಿಲ್ಲವೆಂದು ತೋರಿಸಿತು. ಯಾರೋ ಸುಳ್ಳು ಖಾತೆ ತೆರೆದು, ಫೋನಿನಲ್ಲಿ ದನಿ ಬದಲಿಸಿ ಟಿಯೊನನ್ನು ವಂಚಿಸಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರು ಈ ಸಲ ಪತ್ರಕರ್ತರು; ಒಬ್ಬರಾದರೂ ಮರಣದ ದಾಖಲೆಯನ್ನೋ ಶವಸಂಸ್ಕಾರದ ಪ್ರಕಟಣೆಯನ್ನೋ ಹುಡುಕಿದ್ದರೆ ಸಾಕಾಗಿತ್ತು. ನಗೆಪಾಟಲಿಗೆ ಈಡಾದದ್ದು ಮಾತ್ರ ಮೋಸ ಹೋದ ಹುಡುಗ. ಹೃದಯಸ್ಪರ್ಶಿ ಕಥೆಯೊಂದು ಸಿಕ್ಕಾಗ, ಅದನ್ನು ಆಟಗಾರನ ಬಾಯಿಯಿಂದಲ್ಲದೆ ಬೇರೆ ಯಾರಿಂದ ತಿಳಿದುಕೊಂಡಿದ್ದಾರೆಂದು ವರದಿಯಲ್ಲಿ ಹುಡುಕಿ. ಸಿಗದಿದ್ದರೆ ಹಂಚಬೇಡಿ.

ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಿ

ಮ್ಯಾನ್‌ಜೆಲ್‌ನನ್ನು 2014ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ವೃತ್ತಿಪರ ತಂಡ ಹೊಸ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ 22ನೆಯವನಾಗಿ ಆರಿಸಿಕೊಂಡು, ಎರಡು ಋತುಗಳ ನಂತರ 2016ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಅಲ್ಲಿಂದ ಮುಂದಿನ ಅವನ ತೊಡಕುಗಳನ್ನು ಹಿಡಿದುಕೊಂಡು ಕಾಲೇಜು ದಿನಗಳಿಗೆ ಹಿಂದಕ್ಕೆ ನಡೆದು, 'ಅಂದೇ ಗೊತ್ತಿತ್ತು' ಎನ್ನುವ ಬರಹಗಳು ಬಹಳ ಬಂದಿವೆ. ಅಂದು ಗೊತ್ತಿದ್ದುದು ಎಷ್ಟೆಂಬುದು ನಿಮ್ಮ ಹಾಳೆಯಲ್ಲಿದೆ, ಅದನ್ನೇ ನಂಬಿ.

ಹಳೆಯ ಹಾಳೆಯಲ್ಲಿ ಹೊಸ ಸಾಲು ಸೇರುವುದೂ ಉಂಟು. 2005ರ ಹೈಸ್‌ಮನ್ ವಿಜೇತ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೆಜ್ಜಿ ಬುಷ್ ಮತ್ತು ಅವನ ಕುಟುಂಬ ಅವನ ವೃತ್ತಿಪರ ಆಟದ ವ್ಯವಹಾರಕ್ಕೆ ದಲ್ಲಾಳಿಗಳಾಗಬಯಸಿದವರಿಂದ ಉಡುಗೊರೆಗಳನ್ನು ಪಡೆದರೆಂದು 2010ರ ಜೂನ್‌ನಲ್ಲಿ ಎನ್‌ಸಿಎಎ ತೀರ್ಮಾನಿಸಿತು. ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಬೌಲ್ ಪಂದ್ಯಗಳ ನಿಷೇಧವಾಯಿತು, ಮೂವತ್ತು ವಿದ್ಯಾರ್ಥಿವೇತನಗಳು ಹೋದವು, ಹದಿನಾಲ್ಕು ಗೆಲುವುಗಳು ಅಳಿದವು, ಬುಷ್ ತನ್ನ ಟ್ರೋಫಿಯನ್ನು ಬಿಟ್ಟುಕೊಟ್ಟ. 2024ರ ಮಾರ್ಚ್‌ನಲ್ಲಿ, ಬುಷ್‌ಗೆ ಟ್ರೋಫಿ ಮರಳುವವರೆಗೆ ತಾನು ಹೈಸ್‌ಮನ್ ಸಮಾರಂಭಕ್ಕೆ ಕಾಲಿಡುವುದಿಲ್ಲವೆಂದು ಮ್ಯಾನ್‌ಜೆಲ್ ಸಾರಿದ. ಏಪ್ರಿಲ್ 24ರಂದು ಹೈಸ್‌ಮನ್ ಟ್ರಸ್ಟ್‌ನವರು ಅದನ್ನು ಬುಷ್‌ಗೆ ಹಿಂದಿರುಗಿಸಿದರು, ಕಾಲೇಜು ಕ್ರೀಡೆಯ ನಿಯಮಗಳು ಬದಲಾಗಿರುವುದನ್ನೇ ಕಾರಣವಾಗಿ ಕೊಟ್ಟರು. ಅಳಿಸಿದ ಹದಿನಾಲ್ಕು ಗೆಲುವುಗಳನ್ನು ಮಾತ್ರ ಟ್ರೋಫಿಯ ಜೊತೆ ಯಾರೂ ಮರಳಿಸಲಿಲ್ಲ, ಏಕೆಂದರೆ ಟ್ರೋಫಿ ಕೊಡುವ ಟ್ರಸ್ಟ್ ಬೇರೆ, ಗೆಲುವುಗಳನ್ನು ಅಳಿಸಿದ ಎನ್‌ಸಿಎಎ ಬೇರೆ.